ಮುಂಗಾಲಿನ ಬೋಳು ಜಾಗ

ದಿವ್ಯ ನಾಯಿಯ ಮೂತಿಯನ್ನು ಎರಡೂ ಕೈಯಿಂದ ಅಮುಕಿ ಹಿಡಿದಿದ್ದಳು. ಕಟ್ಟಿದ್ದ ಬಟ್ಟೆ ಜಾರುತ್ತಿತ್ತು. ನಾಯಿಯ ಗುರುಗುಟ್ಟುವಿಕೆ ಅವಳ ಮೊಣಕೈವರೆಗೂ ನಡುಗುತ್ತಿತ್ತು.

"ಇನ್ನೊಂಚೂರು. ಬಿಡ್ಬೇಡ," ಎನ್ನುತ್ತ ತಾಹೆರಾ ಮೇಡಂ ಹತ್ತಿ ಸುತ್ತಿದ ಕಡ್ಡಿಯನ್ನು ಹೊಟ್ಟೆಯ ಹೊಲಿಗೆಯ ಸಂದಿಗೆ ಇಳಿಸಿದರು. ಕೀವು ಬಂತು. ಕಡ್ಡಿಯನ್ನು ಗಾಜಿನ ನಳಿಕೆಗೆ ಹಾಕಿ ಮುಚ್ಚಿದರು. ಅಷ್ಟಕ್ಕೇ ಮುಗಿಸದೆ ನಾಯಿಯ ಮುಂಗಾಲನ್ನು ಎತ್ತಿ, ಸಲೈನ್ ಸೂಜಿ ಚುಚ್ಚಲು ಬೋಳಿಸಿದ್ದ ಜಾಗದ ಮೇಲೆ ಬಾಗಿದರು. ಅಲ್ಲೂ ಅಂಚಿನುದ್ದಕ್ಕೂ ಸಾಸಿವೆಯಂಥ ಕೆಂಪು ಗುಳ್ಳೆಗಳು.

"ಇಲ್ಲಿಂದಾನೂ ಒಂದು ತಗೊಳ್ಳೋಣ."

"ಗಾಯ ಇರೋದು ಹೊಟ್ಟೇಲಿ, ಮೇಡಂ."

"ಗೊತ್ತು ಕಣೇ. ಕಾಲು ಹಿಡ್ಕೋ."

ಬಾಗಿಲಲ್ಲಿ ನಿಂತಿದ್ದ ಡಾಕ್ಟರ್ ಸಬಾಳ ಕಣ್ಣು ಊದಿಕೊಂಡಿತ್ತು. ಈ ನಾಯಿಗೆ ಆಪರೇಷನ್ ಮಾಡಿದವಳು ಅವಳೇ. ಇದೇ ಥರ ಹೊಲಿಗೆ ಕೊಳೆತ ಇನ್ನೆರಡು ನಾಯಿಗಳಿಗೆ ಮಾಡಿದವಳೂ ಅವಳೇ. ಅವುಗಳಲ್ಲಿ ಒಂದು ಸತ್ತಿತ್ತು. ತಾಹೆರಾ ಅವಳ ಕಡೆ ತಿರುಗಿ ದಖನಿಯಲ್ಲಿ ಮೆಲ್ಲಗೆ, "ರೋ ನಕ್ಕೋ, ಬೇಟಾ," ಅಳಬೇಡ ಮಗಳೇ, ಎಂದರು.

ಬೇಟಾ. ಇಷ್ಟು ವರ್ಷ ಅವರ ಲ್ಯಾಬಿನಲ್ಲಿ ದುಡಿದ ದಿವ್ಯಳಿಗೆ ಆ ಮಾತು ಒಮ್ಮೆಯೂ ಸಿಕ್ಕಿರಲಿಲ್ಲ.

ಸಂಜಯನಗರದ ಆ ಪ್ರಾಣಿಗಳ ಆಸ್ಪತ್ರೆ ಚಿಕ್ಕಬೈರಪ್ಪನವರದು. ಬಾಗಲೂರಿನ ಕಡೆ ದ್ರಾಕ್ಷಿ ಬೆಳೆಯುತ್ತಿದ್ದ ಮನೆತನ; ಈಗ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು, ಮಗಳ ಆಸೆಗೆಂದು ಆಸ್ಪತ್ರೆಯನ್ನೂ ಕಟ್ಟಿದ್ದರು. ಭಾನುವಾರದೊಳಗೆ ಕಾರಣ ತಿಳಿಯದಿದ್ದರೆ ಸಬಾಳನ್ನು ತೆಗೆಯುವುದೆಂದು ತೀರ್ಮಾನವಾಗಿತ್ತು. ನಾಯಿ ಕೊಂದ ಡಾಕ್ಟರೆಂಬ ಹೆಸರು ಹೊತ್ತು ಹೋದವಳಿಗೆ ಹೆಬ್ಬಾಳದಿಂದ ಯಲಹಂಕದವರೆಗೆ ಇನ್ನೊಬ್ಬರು ಕೆಲಸ ಕೊಡುವುದು ಅನುಮಾನ.

ತಾಹೆರಾರನ್ನು ಕರೆಸಿದ್ದು ಅದಕ್ಕೇ. ಪಶುವೈದ್ಯರಿಗೆ ಜೀವಾಣುಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಆರ್.ಟಿ. ನಗರದ ಮನೆಯ ಕೆಳಗಡೆಯೇ ಲ್ಯಾಬ್ ಇಟ್ಟುಕೊಂಡಿದ್ದರು. ಕಾರಣ ತಿಳಿಯದೆ ಎಲ್ಲಿ ದನ, ನಾಯಿ, ಕೋಳಿ ಸತ್ತರೂ ಡಾಕ್ಟರುಗಳು ಮೊದಲು ಅವರಿಗೆ ಫೋನು ಮಾಡುತ್ತಿದ್ದರು. ಹಿಂದಿನಿಂದ ಪತ್ತೇದಾರಿ ಮೇಡಂ ಅನ್ನುತ್ತಿದ್ದರು.

"ಏನ್ ಹೊಲಿಗೆ ಹಾಕಿದಾಳೆ, ನೋಡಿದ್ಯಾ? ಕಸೂತಿ ಇದ್ದಂಗಿದೆ," ಎಂದರು ತಾಹೆರಾ, ಕೈ ತೊಳೆಯುತ್ತ.

"ಕಸೂತಿ ಒಳಗೇ ಕೀವು ಬಂದಿದೆಯಲ್ಲ, ಮೇಡಂ," ಎಂದಳು ದಿವ್ಯ.

ತಾಹೆರಾ ಅವಳನ್ನೊಮ್ಮೆ ನೋಡಿದರು. ಆಮೇಲೆ, ಆಪರೇಷನ್ನಿಗೆ ಬಳಸುವ ಪ್ರತಿಯೊಂದರಿಂದಲೂ ಸ್ಯಾಂಪಲ್ ತರಲು ಹೇಳಿದರು.

ದಿವ್ಯ ಆಪರೇಷನ್ ಕೋಣೆಯನ್ನು ಜಾಲಾಡಿದಳು. ಮೇಜು, ದೀಪ, ಕತ್ತರಿ, ನಲ್ಲಿ, ಸಬಾಳ ಚಪ್ಪಲಿಯನ್ನೂ ಬಿಡಲಿಲ್ಲ. ಹೊರಬಂದಾಗ ಪಕ್ಕದ ಮೂಲೆಯ ಮೊಳೆಯಲ್ಲಿ ಟ್ರಿಮ್ಮರ್ ನೇತಾಡುತ್ತಿತ್ತು. ಆಪರೇಷನ್ನಿಗೆ ಮುಂಚೆ ಕೂದಲು ಬೋಳಿಸುವುದು ಅಲ್ಲಿಯೇ. ವೈರು ಕಿತ್ತುಹೋದಲ್ಲಿ ಯಾರೋ ನೀಲಿ ಟೇಪು ಸುತ್ತಿದ್ದರು.

ಮೂಲೆಯಲ್ಲಿ ಕೂತಿದ್ದ ಹಿರಿಯ ಡಾಕ್ಟರ್ ನಾಗೇಶ್ ಮೂಗಿನಲ್ಲೇ ನಕ್ಕರು. ಇಲ್ಲಿ ಆಪರೇಷನ್ ಮಾಡುವವರು ಅವರು ಮತ್ತು ಸಬಾ ಇಬ್ಬರೇ. ಅವರ ಕೈಯಲ್ಲಿ ಒಂದು ಪ್ರಾಣಿಯ ಹೊಲಿಗೆಯೂ ಕೆಟ್ಟಿರಲಿಲ್ಲ.

"ನನ್ನ ಸಾಮಾನು ಮುಟ್ಬೇಡಮ್ಮ. ಕತ್ತರಿಯಿಂದ ಟ್ರಿಮ್ಮರ್‌ವರೆಗೂ ನಂದೇ ಬೇರೆ ಚೀಲ. ಯಾರಿಗೂ ಕೊಡಲ್ಲ. ಮೊನ್ನೆ ಗಿರಿ ಬಂದು ಅವರಕ್ಕನ ಬೆಕ್ಕಿಗೆ ಸಲೈನ್ ಹಾಕ್ಬೇಕು, ಟ್ರಿಮ್ಮರ್ ಕೊಡಿ ಅಂತ ಕಾಡಿದ. ಆಸ್ಪತ್ರೇದು ಐತಲ್ಲಯ್ಯ ಅಂದ್ರೆ, ಅದು ಮೊಂಡಾಗಿದೆ ಸಾರ್ ಅಂದ. ಕೊಟ್ಟೆ. ತೊಳೀದೆ ತಂದಿಟ್ಟಿದಾನೆ."

"ಸಬಾ ಯಾವತ್ತೂ ಕೇಳಿಲ್ವಾ?"

"ಅವಳು ಯಾಕೆ ಕೇಳ್ತಾಳೆ? ಬಂದ ವಾರದಲ್ಲೇ ಆಪರೇಷನ್ ಟೇಬಲ್ ಸಿಕ್ತು. ನನಗೆ ಸಿಗೋಕೆ ಕೂದಲು ನೆರೀಬೇಕಾಯ್ತು."

ಆ ಮಾತು ದಿವ್ಯಳಿಗೆ ಹಿತವಾಗಿ ಕೇಳಿಸಿತು.

ಡಾಕ್ಟರ್ ಗಿರಿ ಎದುರಾದದ್ದು ಕಾರಿಡಾರಿನಲ್ಲಿ. ಚುರುಕು ಹುಡುಗ, ಜ್ವರ, ಕಜ್ಜಿ, ಚುಚ್ಚುಮದ್ದು ನೋಡುತ್ತಿದ್ದ. ಸಬಾಳ ಕೋಣೆಯ ಬಾಗಿಲಿಗೆ ನೇರ ಎದುರಿಗೆ, ಅವಳು ತಲೆಯೆತ್ತಿದರೆ ಕಾಣುವಂತೆ, ತನ್ನ ಫೋಟೋ ಒಂದನ್ನು ಕಟ್ಟು ಹಾಕಿಸಿ ನೇತುಹಾಕಿದ್ದ. ಯಾರದೋ ಮನೆಯ ಹಾಲ್, ಮಧ್ಯೆ ಕೇಕು, ಗಿರಿಯ ತೋಳಿನಲ್ಲಿ ಲ್ಯಾಬ್ರಡಾರ್, ಅದರ ಕತ್ತಿನಲ್ಲಿ ಅಂಗೈಯಗಲ ಬೋಳು. ಹಿಂದಿನ ಟೀಪಾಯಿಯ ಮೇಲೆ ಹತ್ತಿ, ಸಿರಿಂಜು, ನೀಲಿ ಟೇಪಿನ ವೈರು.

"ಬಂಟಿ. ಜಾಲಹಳ್ಳಿ. ಸಬಾ ಡಾಕ್ಟರಮ್ಮ ರಿಪೋರ್ಟ್ ಬರ್ಲಿ, ರಿಪೋರ್ಟ್ ಬರ್ಲಿ ಅಂತ ಕೂತಿದ್ರು. ಮನೆಯವರು ನನ್ನ ಕರೆದ್ರು. ಒಂದೇ ವಾರ, ಗಾಯ ಒಣಗೋಯ್ತು," ಎಂದ ಗಿರಿ.

"ಏನ್ ಕೊಟ್ರಿ?"

"ಬರೀ ಮುಲಾಮು, ಕೈಗುಣ. ಏನ್ ಗುರು, ಸಬಾಗೆ ಟಿಕೆಟ್ ಆಯ್ತಾ?"

ದಿವ್ಯಳಿಗೆ ನಗು ಬಂತು. ಸಂಜೆ ನಾಗೇಶ್ ಹೇಳಿದ್ದನ್ನೂ ಇದನ್ನೂ ತಮಾಷೆಯಾಗಿ ತಾಹೆರಾಗೆ ಹೇಳಿದಾಗ ಅವರು ನಗಲಿಲ್ಲ. ಫೋಟೋದಲ್ಲಿ ಏನೇನಿತ್ತೆಂದು ಎರಡು ಸಲ ಕೇಳಿದರು.

ಜೀವಾಣು ಬೆಳೆಯಲು ಇಟ್ಟಿದ್ದ ಪರೀಕ್ಷೆಯ ತಟ್ಟೆಗಳು ಎರಡು ದಿನದಲ್ಲಿ ತಯಾರಾದವು. ಹೊಟ್ಟೆಯ ಕೀವಿನಲ್ಲಿ ಬೆಳೆದ ಜೀವಾಣುವೇ ಮುಂಗಾಲಿನ ಗುಳ್ಳೆಯಲ್ಲೂ ಬೆಳೆದಿತ್ತು. ಔಷಧಿಯ ಬಿಲ್ಲೆಗಳ ಸುತ್ತ ಜೀವಾಣು ಸತ್ತು ಖಾಲಿ ಉಂಗುರ ಮೂಡಬೇಕಿತ್ತು, ಮೂಡಿರಲಿಲ್ಲ. ಮನುಷ್ಯರಿಗೆ ಐಸಿಯುನಲ್ಲಿ ಕೊನೆಯ ಅಸ್ತ್ರವೆಂದು ಕೊಡುವ ಇಂಜೆಕ್ಷನ್ನಿಗೂ ಅದು ಜಗ್ಗಿರಲಿಲ್ಲ. ಒಂದು ಹಳೆಯ, ಅಗ್ಗದ ಔಷಧಿಯ ಸುತ್ತ ಮಾತ್ರ ಉಂಗುರವಿತ್ತು. ಉಳಿದ ಎರಡು ನಾಯಿಗಳಿಗೆ ಅದನ್ನೇ ಶುರುಮಾಡಿದರು. ಆಪರೇಷನ್ ಕೋಣೆಯಿಂದ ದಿವ್ಯ ತಂದ ಸ್ಯಾಂಪಲ್‌ಗಳ ತಟ್ಟೆಗಳೆಲ್ಲ ಖಾಲಿ.

ಮರುದಿನ ತಾಹೆರಾ ಜಾಲಹಳ್ಳಿಗೆ ಹೊರಟರು. ದಿವ್ಯ ಹೆಲ್ಮೆಟ್ ಎತ್ತಿಕೊಂಡಳು.

"ನೀನು ಬೇಡ. ಸಬಾ ಬರ್ತಾಳೆ. ನೀನು ಹೋಗಿ ಆ ನೀಲಿ ಟೇಪಿನ ಟ್ರಿಮ್ಮರ್ ಬ್ಲೇಡಿಂದ ಸ್ಯಾಂಪಲ್ ತಗೊಂಡ್ ಬಾ."

ಸ್ಕೂಟರಿನ ಹಿಂದಿನ ಸೀಟು ಇದುವರೆಗೆ ದಿವ್ಯಳದಾಗಿತ್ತು. ಗೇಟಿನ ಬಳಿ ನಿಂತು, ಸಬಾ ಆ ಸೀಟಿನಲ್ಲಿ ದುಪಟ್ಟಾ ಸರಿಮಾಡಿಕೊಂಡು ಕೂರುವುದನ್ನು ಅವಳು ಕೊನೆಯವರೆಗೂ ನೋಡಿದಳು.

ಭಾನುವಾರ ಮಧ್ಯಾಹ್ನ ಆಸ್ಪತ್ರೆಯ ಬಾಗಿಲು ಹಾಕಿಸಿ, ಚಿಕ್ಕಬೈರಪ್ಪ ಎಲ್ಲರನ್ನೂ ತಮ್ಮ ಕೋಣೆಯಲ್ಲಿ ಕೂರಿಸಿದರು.

"ಇಂಗೇ ಆದ್ರೆ ಆಸ್ಪತ್ರೆ ಮುಚ್ಬೇಕಾಯ್ತದೆ, ಮೇಡಮ್ಮು. ಯಾರ ತಪ್ಪು ಅಂತ ಒಂದ್ ಮಾತಲ್ಲಿ ಮುಗಿಸ್ಬುಡಿ."

"ಒಂದ್ ಮಾತಲ್ಲಿ ಆಗಲ್ಲ," ಎಂದರು ತಾಹೆರಾ. "ಮುಂಗಾಲಿಂದ ಶುರುಮಾಡೋಣ. ಸಲೈನ್ ಹಾಕೋದು ಸಬಾ ಅಲ್ಲ, ಸಹಾಯಕರು. ಅವಳ ಕೈ, ಅವಳ ಕತ್ತರಿ ಆ ಕಾಲಿಗೆ ತಾಗೋದೇ ಇಲ್ಲ. ಆದ್ರೂ ಅದೇ ಜೀವಾಣು ಅಲ್ಲೂ ಇತ್ತು. ಹೊಟ್ಟೆ, ಕಾಲು ಎರಡೂ ಕಡೆ ಓಡಾಡಿರೋ ವಸ್ತು ಯಾವುದು?"

"ಟ್ರಿಮ್ಮರ್," ಎಂದರು ನಾಗೇಶ್, ನಿಧಾನವಾಗಿ.

"ನಿಮ್ಮ ಕೇಸುಗಳು ಯಾಕೆ ಕೆಡಲಿಲ್ಲ ಅನ್ನೋದಕ್ಕೂ ಅದೇ ಉತ್ತರ. ನಿಮ್ಮದು ಬೇರೆ ಚೀಲ. ಆಸ್ಪತ್ರೇದನ್ನ ಬರೀ ಸ್ಪಿರಿಟ್ ಹತ್ತೀಲಿ ಒರೆಸಿ ಮೊಳೆಗೆ ಹಾಕ್ತಾರೆ. ಬ್ಲೇಡಿನ ಹಲ್ಲಲ್ಲಿ ಎಣ್ಣೆ, ಕೂದಲು, ಅದರೊಳಗೆ ಇದು ಬೆಚ್ಚಗೆ ಕೂತಿತ್ತು. ದಿವ್ಯ ಮೊದಲು ಕೋಣೆ ಒಳಗಿಂದ ಮಾತ್ರ ಸ್ಯಾಂಪಲ್ ತಂದಳು. ಬ್ಲೇಡಿಂದ ತಂದಾಗ ಸಿಕ್ತು."

ದಿವ್ಯಳ ಕಿವಿ ಬಿಸಿಯಾಯಿತು. ಹೊರಗಿನ ಮೂಲೆಯನ್ನು ಅವಳು ಯಾಕೆ ಬಿಟ್ಟಳೆಂಬುದು ಅವಳಿಗೆ ಗೊತ್ತಿತ್ತು. ಮೇಡಂಗೂ ಗೊತ್ತಿರಬಹುದು.

"ಈಗ, ಬ್ಲೇಡಿಗೆ ಅದು ಬಂದಿದ್ದು ಎಲ್ಲಿಂದ? ಕೊನೇ ಅಸ್ತ್ರಕ್ಕೂ ಸಾಯದ ಜೀವಾಣು ಅಂದ್ರೆ, ಆ ಇಂಜೆಕ್ಷನ್ನನ್ನ ಎಲ್ಲೋ ಅರ್ಧಂಬರ್ಧ ತಿಂದು ಬದುಕಿರೋದು. ಈ ಆಸ್ಪತ್ರೇಲಿ ಅದನ್ನ ಇಡೋದೇ ಇಲ್ಲ. ಆದ್ರೆ ಫೋಟೋದಲ್ಲಿ ಬಂಟಿ ಕತ್ತು ಬೋಳಿಸಿದೆ, ಪಕ್ಕದಲ್ಲಿ ಇದೇ ಟ್ರಿಮ್ಮರಿನ ನೀಲಿ ಟೇಪಿನ ವೈರಿದೆ, ಸಿರಿಂಜಿದೆ. ಬರೀ ಮುಲಾಮಿಗೆ ಸಿರಿಂಜ್ ಯಾಕೆ? ಜಾಲಹಳ್ಳಿಗೆ ಸಬಾನ ಕರ್ಕೊಂಡ್ ಹೋದೆ. ಅವಳ ಗುರುತಿಲ್ಲದಿದ್ರೆ ಅವರು ನನಗೆ ಬಾಗಿಲೇ ತೆಗೀತಿರಲಿಲ್ಲ. ಗಿರಿ ಡಾಕ್ಟ್ರು ಮನೆಗೇ ಬಂದು ಅದೇ ಇಂಜೆಕ್ಷನ್ ಹಾಕ್ತಿದ್ರು, ಗಾಯ ಒಣಗ್ತಿದ್ದಂಗೆ ನಿಲ್ಲಿಸಿದ್ರು ಅಂದ್ರು. ಈಗ ಗಾಯ ಮತ್ತೆ ಒಡೆದಿದೆ. ಆ ಕೀವಲ್ಲಿ ಇರೋದೂ ಇದೇ."

"ಬೇಕಂತ ಮಾಡಿದ್ದಲ್ಲ ಅದು," ಎಂದ ಗಿರಿ. "ನನಗೇನ್ ಕನಸು ಬಿದ್ದಿತ್ತಾ, ಹಿಂಗಾಗುತ್ತೆ ಅಂತ?"

"ಮೊದಲ ನಾಯಿ ಕೆಡೋವರೆಗೂ ನಿಮಗೆ ಗೊತ್ತಿರಲಿಲ್ಲ. ಒಪ್ತೀನಿ. ಆಮೇಲೆ ಗೊತ್ತಾಯ್ತು. ಇಲ್ಲದಿದ್ರೆ ನಿಮ್ಮಕ್ಕನ ಬೆಕ್ಕಿಗೆ ನಾಗೇಶರ ಟ್ರಿಮ್ಮರ್ ಯಾಕೆ? ಮೊಂಡು ಅಂದ್ರಂತೆ. ದಿವ್ಯ ನೋಡಿದಾಳೆ, ಬ್ಲೇಡು ಬೆರಳು ಕುಯ್ಯೋ ಹಂಗಿದೆ. ನಿಮ್ಮ ಬೆಕ್ಕಿಗೆ ಬೇಡವಾದದ್ದನ್ನ ಸಬಾಳ ನಾಯಿಗಳಿಗೆ ಮೊಳೇಲಿ ಬಿಟ್ರಿ."

ಗಿರಿ ನೆಲ ನೋಡುತ್ತ ಹೇಳಿದ: "ಸಾಯಿಸ್ಬೇಕು ಅಂತ ಇರ್ಲಿಲ್ಲ. ಆ ಟೇಬಲ್ ನನಗೆ ಬರ್ಬೇಕಿತ್ತು. ಎಲ್ಲರೂ ಸಬಾ ಕೈ, ಸಬಾ ಕೈ ಅಂತಿದ್ರು. ಅವಳ ಕೈ ಕೆಟ್ಟಿದೆ ಅಂತ ಎರಡು ದಿನ ಅಂದ್ಕೊಳ್ಳಲಿ ಅನ್ನಿಸ್ತು. ಅಷ್ಟೇ."

ದಿವ್ಯ ಅವನನ್ನು ಬೈಯಲು ಬಾಯಿ ತೆರೆದು ಮುಚ್ಚಿಕೊಂಡಳು. ಈ ವಾರವಿಡೀ ಅವಳೂ ಬಯಸಿದ್ದು ಅದನ್ನೇ. ಅವಳ ಕೈಗೆ ಅಂಥ ಅವಕಾಶ ಸಿಕ್ಕಿರಲಿಲ್ಲ, ಅಷ್ಟೇ ವ್ಯತ್ಯಾಸ.

ಚಿಕ್ಕಬೈರಪ್ಪ ಗಂಟಲು ಸರಿಮಾಡಿಕೊಂಡರು. "ಆಯ್ತು ಬುಡಿ. ಗಿರಿ, ನಾಳೆಯಿಂದ ನೀ ಬರೋದ್ ಬ್ಯಾಡ. ಸಬಾ ಡಾಕ್ಟ್ರೇ, ಇವತ್ತಿಂದ ನೀವೇ ಇಲ್ಲಿ ಚೀಫು. ರೋಡ್ ಕಡೆ ದೊಡ್ಡ ರೂಮೂ ನಿಮ್ದೇ. ಒಂದೇ ಒಂದು ಮಾತು. ನಾಯಿಗಳ ಮನೆಯೋರಿಗೆ ಈ ಟ್ರಿಮ್ಮರ್ ಇಚಾರ ಬ್ಯಾಡ. ನಾಯಿ ಮೈಯಾಗೇ ಸೋಂಕಿತ್ತು ಅಂದ್ಬುಟ್ರೆ ಮುಗೀತು. ಆಸ್ಪತ್ರೆ ಎಸ್ರೂ ಉಳೀತದೆ, ನಿಮ್ಮೆಸ್ರೂ ಉಳೀತದೆ." ಡ್ರಾಯರಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ ಸರಿಸಿದರು.

ತಗೊಂಡುಬಿಡಲಿ, ಎಂದುಕೊಂಡಳು ದಿವ್ಯ. ತಗೊಂಡರೆ ಇವಳೂ ನಮ್ಮಂಥವಳೇ ಆಗುತ್ತಾಳೆ. ಮೇಡಂ ಮುಂದಿನ ಸಲ ಆ ಸೀಟನ್ನು ಇವಳಿಗೆ ಕೊಡಲಾರರು.

ಸಬಾ ಬೀಗದ ಕೈಯನ್ನು ಮುಟ್ಟಲೂ ಇಲ್ಲ.

"ಬೇಡ," ಎಂದಳು. "ಮೂರು ಮನೆಗೂ ಹೋಗಿ ನಾನೇ ಹೇಳ್ತೀನಿ."