ಬಾಲಕ್ಕೆ ಹಾಕಿದ ಹಾಡು

"ಎಂತದು ಮಾರಾಯ ಇದು? ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಕುಲುಕಿದ ಹಾಗೆ ಉಂಟಲ್ಲ!"

ಅಂಗಡಿಯ ಯಜಮಾನ ಉಸ್ಮಾನಾಕ ಹೇಳಿದ್ದು ಎದುರಿಗೆ ನಿಂತ ಹುಡುಗನಿಗೆ. ಹುಡುಗನ ಹೆಗಲಲ್ಲಿ ಗಿಟಾರು, ಕೈಯಲ್ಲಿ ಐದು ಕ್ಯಾಸೆಟ್ಟು, ಮುಖದಲ್ಲಿ ಬಿಸಿಲಲ್ಲಿ ನಡೆದು ಬಂದ ಬೆವರು.

"ಅದು ಡ್ರಮ್ಮು ಉಸ್ಮಾನಾಕ. ಇದು ರಾಕ್. ನಮ್ಮದೇ ಹಾಡು, ನಾವೇ ಬರೆದದ್ದು, ಕೆಮ್ಮಣ್ಣಿನಲ್ಲಿ ನಮ್ಮ ಮನೆಯ ಅಟ್ಟದಲ್ಲಿ ರೆಕಾರ್ಡ್ ಮಾಡಿದ್ದು."

"ಅಟ್ಟ ಇನ್ನೂ ಉಂಟಾ, ಬಿತ್ತಾ?"

ಹುಡುಗ ನಕ್ಕ. ನಗುತ್ತಲೇ ಮೂಲೆಯತ್ತ ನೋಡಿದ.

ಮೂಲೆಯಲ್ಲಿ ಕ್ಲಾರಾ ಇದ್ದಳು. ತಲೆಗೆ ಹೆಡ್‌ಫೋನ್. ಎದುರಿಗೆ ದುಬೈಯಿಂದ ಬಂದ ಜೋಡಿ ಕ್ಯಾಸೆಟ್ ಡೆಕ್ಕು. ಉಡುಪಿ ಬಸ್ಸು ನಿಲ್ದಾಣದ ಎದುರಿನ ಮಹಡಿಯ ಆ ರೆಕಾರ್ಡಿಂಗ್ ಅಂಗಡಿಯಲ್ಲಿ ಅವಳದ್ದು ಬೆಳಗ್ಗೆಯಿಂದ ಸಂಜೆಯ ತನಕ ಅದೇ ಕೆಲಸ. ಗಿರಾಕಿಗಳು ಚೀಟಿಯಲ್ಲಿ ಹಾಡು ಬರೆದು ಕೊಡುತ್ತಾರೆ, ಇವಳು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ, ಮುದ್ದಾದ ಅಕ್ಷರದಲ್ಲಿ ಪಟ್ಟಿ ಬರೆದು ಕೊಡುತ್ತಾಳೆ.

"ನೀವು ಕೇಳಿದಿರಲ್ಲ... ನಿಮಗೆ ಹೇಗೆ ಅನಿಸಿತು?" ಹುಡುಗ ಅವಳನ್ನೇ ಕೇಳಿದ.

ಕ್ಲಾರಾ ಹೆಡ್‌ಫೋನ್ ಅರ್ಧ ಸರಿಸಿದಳು. "ಲೆವೆಲ್ ಜಾಸ್ತಿ ಆಗಿದೆ. ಡ್ರಮ್ ಬರುವಲ್ಲಿ ಮೀಟರಿನ ಮುಳ್ಳು ಕೆಂಪಿಗೆ ಹೋಗ್ತದೆ."

"ಅಷ್ಟೇಯಾ?"

"ಅಷ್ಟೇ. ಹಾಡು ಮೂರು ನಿಮಿಷ ನಲವತ್ತು ಸೆಕೆಂಡು ಉಂಟು."

ಹುಡುಗನ ಕಣ್ಣರಳಿತು! "ಅಂದರೆ ಪೂರ್ತಿ ಕೇಳಿದ್ದೀರಿ! ಇಷ್ಟರವರೆಗೆ ಪೂರ್ತಿ ಕೇಳಿದವರು ನೀವೊಬ್ಬರೇ. ನಾನು ಮೌರಿಸ್. ನಮ್ಮ ಬ್ಯಾಂಡಿನ ಹೆಸರು ಬ್ಯಾಕ್‌ವಾಟರ್ಸ್."

ಅವಳು ಹೆಡ್‌ಫೋನ್ ಮತ್ತೆ ಕಿವಿಗೇರಿಸಿದಳು. ಒಳಗೆ ಏನೂ ಅಲುಗಲಿಲ್ಲ.

ಅವಳಿಗೆ ಹೀಗಾಗಿ ಒಂದೂವರೆ ವರ್ಷವಾಗಿತ್ತು. ಬಹರೈನಿನಲ್ಲಿದ್ದ ಹುಡುಗನೊಂದಿಗೆ ನಿಶ್ಚಿತಾರ್ಥವಾಗಿತ್ತು, ಬೆರಳಿಗೆ ಉಂಗುರವೂ ಬಿದ್ದಿತ್ತು. ಆಮೇಲೊಂದು ದಿನ ನಾಲ್ಕು ಸಾಲಿನ ಕಾಗದ ಬಂತು: ಅಲ್ಲೇ ಒಬ್ಬಳನ್ನು ಮದುವೆಯಾಗಿದ್ದೇನೆ, ಕ್ಷಮಿಸು. ತಾಯಿ ವೆರೊನಿಕಾ ಬಾಯಿ ಮೂರು ದಿನ ಅತ್ತರು. ಕ್ಲಾರಾ ಅಳಲಿಲ್ಲ. ಉದ್ಯಾವರದ ನೆರೆಕರೆಯವರು "ಎಂಥ ಧೈರ್ಯ ಹುಡುಗಿಯದ್ದು" ಎಂದರು.

ಧೈರ್ಯವೂ ಅಲ್ಲ, ಎಂಥದ್ದೂ ಅಲ್ಲ. ಹಲ್ಲು ಕೀಳುವ ಮೊದಲು ಸೂಜಿ ಕೊಡುತ್ತಾರಲ್ಲ, ಹಾಗೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಚರ್ಚಿನ ಗಾಯನ ಮಂಡಳಿ ಬಿಟ್ಟಳು. ಹಾಡು ಕಿವಿಯವರೆಗೆ ಬರುತ್ತಿತ್ತು... ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ.

ಮೌರಿಸ್ ಆ ಐದು ಕ್ಯಾಸೆಟ್ಟನ್ನು ಮಾರಾಟಕ್ಕೆ ಇಟ್ಟುಹೋದ. ಒಂದೂ ಹೋಗಲಿಲ್ಲ. ಆದರೂ ಪ್ರತೀ ಗುರುವಾರ ತಪ್ಪದೆ ಬರತೊಡಗಿದ.

ಅವನಿಗೆ ಕೆಲಸ ಮಣಿಪಾಲದ ಒಂದು ಕಾಲೇಜಿನ ಲ್ಯಾಬಿನಲ್ಲಿ. ಹಾಸ್ಟೆಲ್ ಹುಡುಗರಿಗೆ ವಿದೇಶದಿಂದ ಬರುವ ಹೊಸ ಹೊಸ ಕ್ಯಾಸೆಟ್ಟು ಬೇಡಿ ತರುತ್ತಿದ್ದ, ಇಲ್ಲಿ ಕಾಪಿ ಮಾಡಿಸುತ್ತಿದ್ದ.

"ಇದನ್ನು ಕೇಳಿ ಕ್ಲಾರಾ! ಮೊನ್ನೆ ಬಂದದ್ದು. ದೊಡ್ಡ ಕಂಪೆನಿಯವರದ್ದಲ್ಲ, ಇವರೇ ಗ್ಯಾರೇಜಿನಲ್ಲಿ ರೆಕಾರ್ಡ್ ಮಾಡಿ ಇವರೇ ಹಂಚುವುದಂತೆ. ನಮ್ಮ ಹಾಗೆಯೇ!"

"ಹ್ಞೂಂ."

"ಹ್ಞೂಂ ಅಂದರೆ ಒಳ್ಳೆಯದುಂಟಾ, ಇಲ್ಲವಾ?"

"ಹ್ಞೂಂ ಅಂದರೆ ಹ್ಞೂಂ."

"ನೀವು ಮದುವೆಮನೆಯಲ್ಲಿ ತೆಂಗಿನಹಾಲು ಹಚ್ಚುವ ರೋಸಿಗೆ ಬಂದು ಮುಖ ಬಿಗಿದು ಕೂತ ಅಜ್ಜಿಗಿಂತ ಕಷ್ಟ ಮಾರಾಯ್ತಿ!"

ಉಸ್ಮಾನಾಕ ಕೌಂಟರಿನಲ್ಲಿ ಕೂತೇ ನಗುತ್ತಿದ್ದರು. ಕ್ಲಾರಾ ನಗುತ್ತಿರಲಿಲ್ಲ. ಆದರೆ ಗುರುವಾರ ಬೆಳಗ್ಗೆ ಅವಳು ಅವನು ಕೂರುವ ಸ್ಟೂಲಿನ ಮೇಲಿನ ಕ್ಯಾಸೆಟ್ಟಿನ ಖಾಲಿ ಡಬ್ಬಗಳನ್ನು ಕೆಳಗಿಳಿಸಿ ಇಡುತ್ತಿದ್ದಳು. ಯಾಕೆಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಒಂದು ದಿನ ಒಂದು ವಿಷಯ ನಡೆಯಿತು.

ಮಧ್ಯಾಹ್ನ. ಅಂಗಡಿಯಲ್ಲಿ ಅವಳೊಬ್ಬಳೇ. ಧೂಳು ಹಿಡಿದಿದ್ದ ಬ್ಯಾಕ್‌ವಾಟರ್ಸ್ ಕ್ಯಾಸೆಟ್ಟನ್ನು ಸುಮ್ಮನೆ ಹಾಕಿದಳು. ಮೊದಲ ದಿನ ಕೇಳಿದ್ದ 'ಕಡವು' ಎಂಬ ಹಾಡು, ಹೊಳೆ ದಾಟುವವರು ದೋಣಿಗೆ ಕಾಯುವ ಜಾಗದ್ದು. ಕೊಂಕಣಿಯಲ್ಲಿ ಹಾಡಿದರೆ ಚರ್ಚಿನವರಿಗೆ ಮಾತ್ರ, ಇಂಗ್ಲಿಷಿನಲ್ಲಿ ಹಾಡಿದರೆ ಹಾಸ್ಟೆಲಿನವರಿಗೆ ಮಾತ್ರ ಎಂದು ಮೌರಿಸ್ ಅದನ್ನು ಕನ್ನಡದಲ್ಲೇ ಬರೆದಿದ್ದ.

*ಕಡವಿನ ದೋಣಿ ಆಚೆಗೆ ಹೋಯಿತು,*
*ಕೂಗಿದೆ ನಾನು, ಕೇಳಿಸಲಿಲ್ಲ...*

ಅಷ್ಟಕ್ಕೆ ಕರೆಂಟು ಹೋಯಿತು. ದನಿ ಎಳೆದುಕೊಂಡು, ದಪ್ಪವಾಗಿ, ನಿಂತಿತು.

ಫ್ಯಾನ್ ನಿಂತಿತು. ಬೀದಿಯ ಸದ್ದು ಕೇಳಿಸಿತು. ಆದರೆ ಹಾಡು ನಿಲ್ಲಲಿಲ್ಲ! ಅವಳೊಳಗೆ ಅದು ಮುಂದುವರಿಯುತ್ತಿತ್ತು, ಕೊನೆಯ ಸಾಲಿನವರೆಗೂ, ಒಂದಕ್ಷರ ತಪ್ಪದೆ.

'ಇದು ಯಾವಾಗ ಒಳಗೆ ಹೋಯಿತು?' ಕ್ಲಾರಾ ಕೈಯನ್ನು ಎದೆಯ ಮೇಲಿಟ್ಟುಕೊಂಡಳು. ಅಳು ಬರಲಿಲ್ಲ, ಸಂತೋಷವೂ ಆಗಲಿಲ್ಲ. ಮರಗಟ್ಟಿದ ಕಾಲಿಗೆ ಮೊದಲು ಜುಮುಜುಮು ಬರುತ್ತದಲ್ಲ... ಅಷ್ಟೇ.

ಈಗ ಆ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಗಿರಾಕಿ ಕೇಳಿದ ಹಾಡೆಲ್ಲ ತುಂಬಿಸಿದ ಮೇಲೂ ಕ್ಯಾಸೆಟ್ಟಿನ ಕೊನೆಗೆ ಎರಡು-ಮೂರು ನಿಮಿಷದ ಟೇಪು ಉಳಿಯುತ್ತದೆ. ಖಾಲಿ ಬಿಟ್ಟರೆ ಬೈಗುಳ. ಅದಕ್ಕೆ ಏನಾದರೊಂದು ತುಂಬಿಸುವುದು. ಉಸ್ಮಾನಾಕ ಅದಕ್ಕಿಟ್ಟ ಹೆಸರು 'ಬಾಲ'.

ಅವತ್ತಿನಿಂದ ಕ್ಲಾರಾ ಎಲ್ಲ ಬಾಲಕ್ಕೂ 'ಕಡವು' ಹಾಕತೊಡಗಿದಳು. ಪೂರ್ತಿ ಹಾಡು ಹಿಡಿಸುವುದಿಲ್ಲವಲ್ಲ, ನಡುವೆ ಟಕ್ಕೆಂದು ತುಂಡಾಗುವುದು ಅವಳಿಗೆ ಸರಿಬರಲಿಲ್ಲ. 'ಕೇಳಿಸಲಿಲ್ಲ' ಎಂಬಲ್ಲಿಗೆ ದನಿ ನಿಧಾನವಾಗಿ ಇಳಿಯುವ ಹಾಗೆ ಒಂದು ಕಾಪಿ ಮಾಡಿಟ್ಟುಕೊಂಡಳು. ಭಜನೆಯ ಕೊನೆಗೂ ಅದೇ, ಯಕ್ಷಗಾನದ ಕೊನೆಗೂ ಅದೇ, ಹೂಡೆಯ ಕಾಸಿಂ ಸಾಹೇಬರ ಕವ್ವಾಲಿಯ ಕೊನೆಗೂ ಅದೇ! ಮೂರು ತಿಂಗಳು ಹೀಗೆ ನಡೆಯಿತು. ಉಸ್ಮಾನಾಕನಿಗೆ ಗೊತ್ತಿತ್ತು, ತಲೆಕೆಡಿಸಿಕೊಳ್ಳಲಿಲ್ಲ. ಮೌರಿಸನಿಗೆ ಅವಳು ಹೇಳಲಿಲ್ಲ.

ಒಂದು ಸೋಮವಾರ ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಓಡಿಬಂದ.

"ಉಸ್ಮಾನಾಕ! ಕ್ಲಾರಾ! ಕಾರ್ಕಳದಿಂದ ಬರುವ ಬಸ್ಸಿನಲ್ಲಿ ನಮ್ಮ ಹಾಡು! ಡ್ರೈವರ್ ಹಾಕಿದ್ದಾನೆ! ದೇವರನಾಮ ಮುಗಿಯಿತು, ಒಮ್ಮೆಲೇ ನನ್ನ ಗಿಟಾರು... ನಾನು ಸೀಟಿನಿಂದ ಬೀಳುವುದೊಂದು ಬಾಕಿ!"

"ಓ, ಅದಾ?" ಉಸ್ಮಾನಾಕ ಬೀಡಿಯ ಬೂದಿ ಕೊಡವಿದರು. "ಅದು ನಾವು ಬಾಲಕ್ಕೆ ಹಾಕುವುದಲ್ವಾ ಮಾರಾಯ."

"ಬಾಲಕ್ಕಾ?"

"ಹೌದು. ಟೇಪು ಉಳಿತದಲ್ಲ, ವೇಸ್ಟ್ ಆಗ್ಬಾರ್ದು ಅಂತ ಏನಾದ್ರೂ ತುಂಬಿಸುವುದು."

ಮೌರಿಸನ ಮುಖದ ಬೆಳಕು ಆರಿತು. ಅವನು ಕ್ಲಾರಾಳತ್ತ ತಿರುಗಿದ. "ಹೌದಾ?"

ಎಷ್ಟೆಲ್ಲ ಹೇಳಬಹುದಿತ್ತು! ಮರಗಟ್ಟಿದ ನಾಲಿಗೆಗೆ ಬಂದದ್ದು ಒಂದೇ.

"ಹೌದು. ಬಾಲಕ್ಕೇ ಹಾಕಿದ್ದು."

"ಅರ್ಧಕ್ಕೇ ಕತ್ತರಿಸಿ?"

"ಹೌದು."

"ಒಳ್ಳೆಯದಾಯಿತು." ಅವನು ಶೆಲ್ಫಿನತ್ತ ನಡೆದ. "ನಾನು ಎಂಥ ಹುಚ್ಚ! ಪ್ರತೀ ಗುರುವಾರ ಬಂದು, ಇವರಿಗಾದರೂ ನನ್ನ ಹಾಡು ಹಾಡಾಗಿ ಕೇಳಿಸ್ತದೆ ಅಂತ... ನನ್ನದು ನಿಮಗೆ ಉಳಿದ ಟೇಪಿಗೆ ತುಂಬಿಸುವ ಹೊಟ್ಟು!"

ಶೆಲ್ಫಿನಲ್ಲಿದ್ದ ಐದು ಕ್ಯಾಸೆಟ್ಟನ್ನೂ ತೆಗೆದುಕೊಂಡ. "ಬರುವ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ನಾಲ್ಕು ಗಂಟೆಗೆ, ಉದ್ಯಾವರದ ಸಭಾ ಹಾಲಿನಲ್ಲಿ ನಮ್ಮ ಪ್ರೋಗ್ರಾಮು ಉಂಟು. ಅದೇ ಕೊನೆ. ಆಮೇಲೆ ನಾನು ಗಿಟಾರು ಮುಟ್ಟುವುದಿಲ್ಲ."

ಅವನು ಇಳಿದುಹೋದ. ಮೆಟ್ಟಿಲು ಒಂದೊಂದಾಗಿ.

"ಎಂತ ಆಯ್ತು ಅವನಿಗೆ?" ಉಸ್ಮಾನಾಕ ತಬ್ಬಿಬ್ಬು. "ನಾನು ಇದ್ದದ್ದು ಹೇಳಿದ್ದಲ್ವಾ?"

"ಹೌದು ಉಸ್ಮಾನಾಕ. ಇದ್ದದ್ದೇ."

ಆ ಗುರುವಾರ ಸ್ಟೂಲಿನ ಮೇಲೆ ಯಾರೂ ಕೂರಲಿಲ್ಲ. ಕ್ಲಾರಾ ಖಾಲಿ ಡಬ್ಬಗಳನ್ನು ಮತ್ತೆ ಅದರ ಮೇಲೇರಿಸಿದಳು. ಮಧ್ಯಾಹ್ನ ಊಟದ ಬುತ್ತಿ ತೆರೆದಳು, ಹಾಗೇ ಮುಚ್ಚಿದಳು. ಪಕ್ಕೆಲುಬಿನ ಕೆಳಗೆ ಎಲ್ಲೋ ನೋಯುತ್ತಿತ್ತು... ಸುಮಾರು ಎರಡು ವರ್ಷದಲ್ಲಿ ಮೊದಲ ಬಾರಿಗೆ.

ಮರುದಿನ ಕಾಪುವಿನಿಂದ ವನಜಾಕ್ಷಿ ಟೀಚರ್ ಬಂದರು. ಕೊಡೆಯನ್ನು ಕೌಂಟರಿಗೆ ಟಪ್ಪೆಂದು ಒರಗಿಸಿದರು.

"ಹುಡುಗಿ, ನನ್ನ ದೇವರನಾಮದ ಕ್ಯಾಸೆಟ್ಟಿನ ಕೊನೆಗೆ ಎಂತದ್ದೋ ಹಾಕಿದ್ದೀಯಲ್ಲ?"

"ತಪ್ಪಾಯಿತು ಟೀಚರೇ. ತೆಗೆದು ಕೊಡ್ತೇನೆ."

"ತೆಗೆಯಲಿಕ್ಕೆ ಹೇಳಿದವರು ಯಾರು? ಅದು ಅರ್ಧಕ್ಕೆ ನಿಲ್ತದಲ್ಲ! ಆ ಹುಡುಗ ಕೂಗಿದ, ಕೇಳಿಸಲಿಲ್ಲ. ಸರಿ. ಮುಂದೆ ಎಂತಾಯ್ತು? ನನಗೆ ಬೆಳಗ್ಗೆ ದೋಸೆ ಹುಯ್ಯುವಾಗಲೂ ಅದೇ ಯೋಚನೆ!"

ಕ್ಲಾರಾ ಅವರನ್ನೇ ನೋಡಿದಳು. ತುಟಿಯ ಒಂದು ಮೂಲೆ ತಾನಾಗಿ ಮೇಲಕ್ಕೆ ಹೋಯಿತು.

"ಪೂರ್ತಿ ಬೇಕಾದರೆ ಉದ್ಯಾವರಕ್ಕೆ ಬರಬೇಕು ಟೀಚರೇ. ನಾಡಿದ್ದಿನ ಭಾನುವಾರವಲ್ಲ, ಅದರಾಚೆಯ ಭಾನುವಾರ. ನಾಲ್ಕು ಗಂಟೆಗೆ."

ಅವತ್ತಿನಿಂದ ಪ್ರತೀ ಕ್ಯಾಸೆಟ್ಟಿನ ಪಟ್ಟಿಯ ಕೆಳಗೆ ಅವಳು ಒಂದು ಸಾಲು ಸೇರಿಸಿದಳು: 'ಕೊನೆಯ ಹಾಡು ಪೂರ್ತಿ ಕೇಳಲು ಉದ್ಯಾವರದ ಸಭಾ ಹಾಲಿಗೆ ಬನ್ನಿ', ತಾರೀಕು, ಹೊತ್ತು. ಹಳೆಯ ಗಿರಾಕಿ ಬಂದರೆ ಬಾಯಲ್ಲೇ ಹೇಳಿದಳು. ದಿನಕ್ಕೆ ಹತ್ತು ಮಾತಾಡದವಳು!

"ಕ್ಲಾರಾ, ಇದು ರೆಕಾರ್ಡಿಂಗ್ ಅಂಗಡಿಯಾ, ಟಾಕೀಸಿನ ಜಾಹೀರಾತಿನ ಜೀಪಾ?" ಎಂದರು ಉಸ್ಮಾನಾಕ. ಬೇಡವೆನ್ನಲಿಲ್ಲ.

ಆ ಭಾನುವಾರ ಹಾಲಿನಲ್ಲಿ ಎಪ್ಪತ್ತು-ಎಂಬತ್ತು ಜನ. ಮುಂದೆ ಮಣಿಪಾಲದ ಹಾಸ್ಟೆಲ್ ಹುಡುಗರು. ಅವರ ಹಿಂದೆ ಮೌರಿಸನಿಗೆ ಅರ್ಥವಾಗದ ಜನ: ಕೊಡೆ ಹಿಡಿದ ಟೀಚರ್, ಟೊಪ್ಪಿಯ ಕಾಸಿಂ ಸಾಹೇಬರು, ಭಜನಾ ಮಂಡಳಿಯ ನಾಲ್ಕು ಹೆಂಗಸರು, ಖಾಕಿ ಅಂಗಿಯ ಕಾರ್ಕಳ ಬಸ್ಸಿನ ಡ್ರೈವರ್ ಕರುಣಾಕರ. ಕ್ಲಾರಾ ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತಿದ್ದಳು.

ಎರಡು ಹಾಡಿಗೆ ಹಾಸ್ಟೆಲ್ ಹುಡುಗರು ಮಾತ್ರ ಕುಣಿದರು. ಹಿಂದಿನವರು ಸೂಜಿ ಚುಚ್ಚಿಸಿಕೊಳ್ಳಲು ಕೂತವರ ಹಾಗೆ ಕೂತಿದ್ದರು. ಮೂರನೆಯದಕ್ಕೆ ಮೌರಿಸ್ ತಲೆ ತಗ್ಗಿಸಿ 'ಕಡವು' ಶುರು ಮಾಡಿದ.

ಒಮ್ಮೆಲೇ ಹಿಂದಿನ ಸಾಲುಗಳು ಎದ್ದು ಕೂತವು!

ಟೀಚರ್ ಹಾಡಿದರು. ಕರುಣಾಕರ ಹಾಡಿದ. ಭಜನೆಯ ಹೆಂಗಸರು ತಾಳ ಹಾಕಿದರು. ಮೌರಿಸ್ ಬೆಚ್ಚಿಬಿದ್ದು ತಲೆಯೆತ್ತಿದ. ಇವರಿಗೆಲ್ಲ ನನ್ನ ಹಾಡು ಬಾಯಿಪಾಠವಾ?

*ಕೂಗಿದೆ ನಾನು, ಕೇಳಿಸಲಿಲ್ಲ...*

ಅಲ್ಲಿಗೆ ಎಲ್ಲರೂ ಒಟ್ಟಿಗೆ, ಒಂದೇ ಕಡೆ, ಗಪ್ಪೆಂದು ನಿಂತರು.

ಯಾರಿಗೂ ಮುಂದೆ ಗೊತ್ತಿಲ್ಲ! ಕತ್ತು ಮುಂದೆ ಚಾಚಿ ಕಾಯುತ್ತಿದ್ದಾರೆ. ಮೌರಿಸನಿಗೆ ಆಗ ತಿಳಿಯಿತು. ಬಾಲ! ಎಲ್ಲರೂ ಬಾಲದಿಂದ ಬಂದವರು! ಅವನ ಕೈ ತಂತಿಯ ಮೇಲೆ ಓಡುತ್ತಿತ್ತು, ಮುಂದಿನ ಸಾಲು ಬಾಯಿಗೆ ಬರಲಿಲ್ಲ.

ಆಗ ಕಂಬದ ಹಿಂದಿನಿಂದ ಒಂದು ದನಿ ಎದ್ದಿತು. ಸಣ್ಣದು. ಸುಮಾರು ಎರಡು ವರ್ಷ ಹಾಡದ ದನಿ, ಸ್ವಲ್ಪ ತುಕ್ಕು ಹಿಡಿದದ್ದು.

*ಕೇಳಿಸಲಿಲ್ಲ ಎಂದವರಾರು?*
*ನೀರಿನ ಮೇಲೆ ಮಾತಿಗೆ ಕಾಲುಂಟು...*

ಹಾಲಿನವರೆಲ್ಲ ತಿರುಗಿ ನೋಡಿದರು. ಕ್ಲಾರಾ ನಿಂತಿದ್ದಳು. ಕೆನ್ನೆ ಒದ್ದೆಯಾದದ್ದು ಅವಳಿಗೆ ತಿಳಿದಿರಲಿಲ್ಲ. ಹಾಡು ಮುಗಿಯುವ ತನಕ ಅವಳು ನಿಲ್ಲಿಸಲಿಲ್ಲ.

"ಅಂತೂ ಕೇಳಿಸಿತಲ್ಲ!" ವನಜಾಕ್ಷಿ ಟೀಚರ್ ಪಕ್ಕದ ಕಾಸಿಂ ಸಾಹೇಬರಿಗೆ ಹೇಳಿದರು. "ಇವತ್ತು ನೆಮ್ಮದಿಯಲ್ಲಿ ಅನ್ನ ಇಳೀತದೆ."

ಜನ ಹೋದ ಮೇಲೆ ಮೌರಿಸ್ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ.

"ಯಾಕೆ ಹೇಳಲಿಲ್ಲ ಅವತ್ತು?"

"ಕೇಳಿದ್ದಕ್ಕೆ ಉತ್ತರ ಹೇಳಿದೆನಲ್ಲ. ಬಾಲಕ್ಕೆ ಹಾಕಿದ್ದೇ ಹೌದು." ಅವಳು ಸೆರಗಿನ ತುದಿ ಮಡಚಿದಳು. "ನಿಮ್ಮ ಕ್ಯಾಸೆಟ್ಟನ್ನು ಯಾರೂ ಕೊಳ್ಳಲಿಲ್ಲ. ಕೊಳ್ಳದೆಯಾದರೂ ಕೇಳಲಿ ಎಂದು... ನನಗೆ ಬೇರೆ ದಾರಿ ಗೊತ್ತಿರಲಿಲ್ಲ ಮೌರಿಸ್. ಆಗ ನನಗೆ ಮಾತು ಬರುತ್ತಿರಲಿಲ್ಲ. ಏನೂ ಬರುತ್ತಿರಲಿಲ್ಲ."

"ಹೊಟ್ಟು ಅಂದೆ ನಾನು."

"ಅಂದಿರಿ."

"ನನಗೆ ಎರಡು ಬಾರಿಸು ಬೇಕಾದರೆ." ಅವನು 'ನೀವು' ಬಿಟ್ಟು 'ನೀನು' ಹಿಡಿದದ್ದು ಇಬ್ಬರಿಗೂ ಗೊತ್ತಾಯಿತು. "ಆದರೆ ಒಂದು ಹೇಳು. ದನಿ ಇಳಿಸಿದ್ದು ಅಲ್ಲಿಗೇ ಯಾಕೆ? ಎರಡು ಸಾಲು ಆಚೀಚೆ ಮಾಡಬಹುದಿತ್ತಲ್ಲ?"

ಕ್ಲಾರಾ ಮಡಚಿದ ಸೆರಗನ್ನು ಬಿಡಿಸಿದಳು.

"ಮುಂದಿನದ್ದನ್ನು ಕೊಡಲಿಕ್ಕೆ ಮನಸ್ಸಾಗಲಿಲ್ಲ. ಅದು ನನಗೆ ಬೇಕಿತ್ತು."

"ಹಾಡಾ?"

"ಹಾಡೂ."

ಅವನು ನಗಲಿಲ್ಲ. ಅವಳ ಕೈಯ ಪಕ್ಕ, ಕುರ್ಚಿಯ ತೋಳಿನ ಮೇಲೆ, ತನ್ನ ಕೈ ಇಟ್ಟ. "ಗುರುವಾರ ಗಿಟಾರು ಹಿಡಿದು ಬರಲಾ?"

"ನಾಳೆ ಬಾ. ಗುರುವಾರ ದೂರ ಉಂಟು."

ಅಷ್ಟರಲ್ಲಿ ಬಾಡಿಗೆ ಕುರ್ಚಿ ಎತ್ತಲು ಶಾಮಿಯಾನದವನು ಬಂದು ಎದುರಿಗೆ ನಿಂತು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದ. "ಏಳಿ ಪೊರ್ಬುಗಳೇ, ಬಾಯಮ್ಮ. ಈ ಎರಡು ಕುರ್ಚಿಯೇ ಬಾಕಿ." ಇಬ್ಬರೂ ಎದ್ದರು. ಅವನು ಒಂದು ಕುರ್ಚಿಯನ್ನು ಇನ್ನೊಂದರ ಮೇಲೆ ಮಗುಚಿ, ತಲೆಗೇರಿಸಿ, ಹೊರಗೆ ನಿಂತ ಟೆಂಪೋ ಕಡೆಗೆ ನಡೆದ.