ಅವಳಿ ಕಂಬಳಿಯ ವಾರೆಕೊಂಬು

ಬಹಳ ಕಾಲದ ಹಿಂದೆ, ಕಣ್ಣು ಹಾಯಿಸಿದಷ್ಟೂ ಹುಲ್ಲೇ ಇದ್ದ ಕಜಾಕರ ನಾಡಿನಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ಮನೆಯೆಂದರೆ ದುಂಡನೆಯ ಡೇರೆ, ಗೋಡೆಯೆಂದರೆ ಕಂಬಳಿ. ನಮ್ಮ ಹಾಗೆ ಮಗ್ಗದಲ್ಲಿ ನೇಯ್ದದ್ದಲ್ಲ. ಉಣ್ಣೆ ಹರಡಿ, ಬಿಸಿನೀರು ಹೊಯ್ದು, ಹೆಂಗಸರೆಲ್ಲ ಸೇರಿ ಉರುಳಿಸಿ ಉರುಳಿಸಿ ಗಟ್ಟಿ ಮಾಡಿದ್ದು. ಅದರ ಮೇಲೆ ಟಗರಿನ ಕೊಂಬಿನ ಚಿತ್ತಾರ. ಆ ಚಿತ್ತಾರವಿದ್ದರೇ ಡೇರೆಯೊಳಗೆ ಬೆಚ್ಚಗೆ.

ಚಿತ್ತಾರ ಮಾಡುವ ರೀತಿ ಕೇಳಿ. ಕೆಂಪು ಕಂಬಳಿ, ಬಿಳಿ ಕಂಬಳಿ ಒಂದರ ಮೇಲೊಂದಿಟ್ಟು ಒಟ್ಟಿಗೇ ಕತ್ತರಿಸುವುದು. ಕೆಂಪು ಕೊಂಬು ಬಿಳಿಯ ತೂತಿಗೆ, ಬಿಳಿ ಕೊಂಬು ಕೆಂಪಿನ ತೂತಿಗೆ. ಹೊಲಿದರೆ ಅವಳಿ ಕಂಬಳಿ! ಒಂದು ಚೂರೂ ದಂಡವಿಲ್ಲ.

ಕುಲ್ಯಾಶ್ ಎಂಬ ಹುಡುಗಿಯ ಕೈ ಮಾತ್ರ ಹೇಳಿದ ಹಾಗೆ ಕೇಳುತ್ತಿರಲಿಲ್ಲ. "ಕೊಂಬು ಬರಿಯೇ ಅಂದ್ರೆ ಹಾವು ಬರೀತೀಯಲ್ಲೇ!" ಎಂದು ಅಜ್ಜಿ ಬಾಲ್ಜಾನ್ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ನನ್ನ ಟಗರು ಹಾಗೇ ಅಜ್ಜೀ," ಎಂದು ಇವಳು ನಗುತ್ತಿದ್ದಳು.

ಹೀಗಿರುವಾಗ ಹಿಮದ ಮಾಂತ್ರಿಕ ಬೊರಾನ್ ಬಂದ. ಚೀಲದ ಬಾಯಿ ಬಿಚ್ಚಿ ಮಂತ್ರ ಹಾಕಿದ. ರಾಜ್ಯದ ಕಂಬಳಿಗಳ ಚಿತ್ತಾರವೆಲ್ಲ ಸುಯ್ಯೆಂದು ಹಾರಿ ಅವನ ಚೀಲ ಸೇರಿತು. ಮತ್ತೆ ಮಾಡಿದರೆ ಅದೂ ಮಾಯ! ಕುಲ್ಯಾಶಳ ಅಕ್ಕ ಐಸುಲು ಆಗಷ್ಟೇ ಹೆತ್ತಿದ್ದಳು. ಕೂಸು ಚಳಿಗೆ ನೀಲಿಗಟ್ಟುತ್ತಿತ್ತು, ಹಿಮ ಇಂದೋ ನಾಳೆಯೋ ಬೀಳುವಂತಿತ್ತು. ಕುಲ್ಯಾಶ್ ಸುಮ್ಮನೆ ಕೂರಲಿಲ್ಲ. ಎರಡು ಕಂಬಳಿ, ಕತ್ತರಿ, ಸೂಜಿದಾರ, ಇದ್ದಿಲು ಕಟ್ಟಿಕೊಂಡು ಬೊರಾನನನ್ನು ಹುಡುಕಿ ಹೊರಟೇಬಿಟ್ಟಳು.

ಬೆಟ್ಟದ ಬುಡದಲ್ಲಿ ಟಗರೊಂದು ಅಡ್ಡ ಬಂತು. ಚಿತ್ತಾರದ ಜೊತೆ ಅದರ ಕೊಂಬೂ ಹೋಗಿತ್ತು. "ಕೊಂಬು ಕೊಡು, ಇಲ್ಲಾಂದ್ರೆ ಗುದ್ದಿ ಕೆಡವ್ತೀನಿ!"

ಕುಲ್ಯಾಶ್ ಅದರ ನೆತ್ತಿಯ ಮೇಲೆ ಇದ್ದಿಲಲ್ಲಿ ಕೊಂಬು ಬರೆದಳು. ವಾರೆಯಾಯಿತು. ಆದರೂ ನಿಜದ ಕೊಂಬೇ ಮೂಡಿತು! ಟಗರು ಅವಳನ್ನು ಹೊತ್ತು ಬೆಟ್ಟ ಹತ್ತಿಸಿತು.

ಸರೋವರದ ದಡದಲ್ಲಿ ಹಂಸವೊಂದು ಅಡ್ಡ ಬಂತು. ಅದರ ರೆಕ್ಕೆಯೂ ಬೊರಾನನ ಚೀಲ ಸೇರಿತ್ತು. "ರೆಕ್ಕೆ ಕೊಡು, ಇಲ್ಲಾಂದ್ರೆ ಕಣ್ಣು ಕುಕ್ತೀನಿ!" ರೆಕ್ಕೆ ಬರೆದಳು, ಅದೂ ವಾರೆಯೇ. ಹಂಸ ಅವಳನ್ನು ಹೊತ್ತು ನೀರು ದಾಟಿಸಿತು.

ಮೂರನೆಯವನು ಬೊರಾನನೇ. ಮಂಜಿನ ಅರಮನೆಯಲ್ಲಿ ಚೀಲ ತಬ್ಬಿಕೊಂಡು ಗಡಗಡ ನಡುಗುತ್ತಾ ಕೂತಿದ್ದ. "ಇಷ್ಟೆಲ್ಲ ಕದ್ದರೂ ಚಳಿ ಬಿಡ್ತಿಲ್ಲ ಕಣೇ! ಯಾರೂ ಕಂಡಿರದ ಚಿತ್ತಾರದ ಕಂಬಳಿ ಮಾಡು. ಇಲ್ಲಾಂದ್ರೆ ನೀನೂ ಮಂಜೇ!"

"ಆಯ್ತಪ್ಪಾ. ಕತ್ತರಿಸಿ ಉಳಿದದ್ದು ನಂಗೆ ಕೊಡ್ತೀಯಾ?"

"ಚೂರುಪಾರು ತಾನೇ? ಕೊಟ್ಟೆ, ಹೋಗು!"

ಪಾಪ, ಅವನೆಂದೂ ಕಂಬಳಿ ಕತ್ತರಿಸಿದವನಲ್ಲ. ಕುಲ್ಯಾಶ್ ಕೆಂಪು ಬಿಳಿ ಒಂದರ ಮೇಲೊಂದಿಟ್ಟು, ಕೈ ಹೋದ ಹಾಗೆ ವಾರೆಕೊಂಬು ಕತ್ತರಿಸಿದಳು. ಕೆಂಪು ನೆಲದ ಬಿಳಿ ಕೊಂಬು ಹೊಲಿದು ಅವನಿಗೆ ಕೊಟ್ಟಳು. ಉಳಿದದ್ದನ್ನೂ ಹೊಲಿದು ಮಡಿಲಲ್ಲಿಟ್ಟುಕೊಂಡಳು.

ಬೊರಾನನ ಹಳೇ ಚಾಳಿ ಬಿಟ್ಟೀತೇ? ಹೊಸ ಚಿತ್ತಾರವನ್ನೂ ಚೀಲಕ್ಕೆ ಎಳೆದ. ಅದು ಅಲ್ಲಾಡಲಿಲ್ಲ. ಅದರ ಅವಳಿ ಕುಲ್ಯಾಶಳ ಮಡಿಲಲ್ಲಿತ್ತು, ಕೊಟ್ಟೆ ಎಂದು ಅವನೇ ಬಾಯಿಬಿಟ್ಟು ಹೇಳಿದ್ದ. ಅವನು ಎಳೆದ, ಅವಳಿ ಇತ್ತ ಎಳೆಯಿತು. ಚೀಲ ಪರ್ರೆಂದು ಹರಿಯಿತು! ಹಳೆಯ ಚಿತ್ತಾರಗಳೆಲ್ಲ ಹಕ್ಕಿಹಿಂಡಿನಂತೆ ತಮ್ಮ ತಮ್ಮ ಡೇರೆಗೆ ಹಾರಿದವು.

ಬೊರಾನ್ ಗೊಳೋ ಎಂದು ಅತ್ತ. ಕುಲ್ಯಾಶಳಿಗೆ ಅಯ್ಯೋ ಅನ್ನಿಸಿತು. "ಕದ್ದು ಚೀಲದಲ್ಲಿಟ್ಟರೆ ಬೆಚ್ಚಗಾಗತ್ತೇನೋ, ಹೊದ್ದುಕೋ ಮಾರಾಯ!" ಎಂದು ಅವನ ಕಂಬಳಿಯನ್ನು ಅವನಿಗೇ ಹೊದಿಸಿದಳು. "ಹಾ... ಬೆಚ್ಚಗಿದೆ," ಎಂದು ಅವನು ಮೊದಲ ಸಲ ನಕ್ಕ. ನಗುತ್ತಾ ನಗುತ್ತಾ ಕರಗಿ ಹೊಳೆಯಾಗಿ ಹರಿದ.

ಇವಳು ಊರು ಮುಟ್ಟುವಾಗ ಮೊದಲ ಹಿಮ ಬೀಳುತ್ತಿತ್ತು. ಅವಳಿ ಕಂಬಳಿಯನ್ನು ಕೂಸಿಗೆ ಸುತ್ತಿದಳು. ಕೂಸು ಕೆಂಪಗಾಗಿ ಆಕಳಿಸಿತು. ಐಸುಲು ತಂಗಿಯನ್ನು ತಬ್ಬಿ ಅತ್ತಳು.

ಅಜ್ಜಿ ಆ ಕೊಂಬನ್ನು ಬಹಳ ಹೊತ್ತು ಬೆರಳಲ್ಲಿ ಸವರಿದಳು. "ಹಾವೇ ಇದು," ಎಂದಳು. ಆಮೇಲೆ ಮೆಲ್ಲಗೆ, "ಆ ಕತ್ತರಿ ಕೊಡೇ ಇಲ್ಲಿ. ವಾರೆ ಹೇಗೆ ಬರತ್ತೆ, ನಂಗೂ ತೋರಿಸು."

ಅಂದಿನಿಂದ ಆ ರಾಜ್ಯದಲ್ಲಿ ಹಳೆಯ ಕೊಂಬಿನ ಪಕ್ಕ ಹೊಸ ಕೊಂಬು. ಹೊಳೆಯ ದಡದಲ್ಲಿ ಟಗರು ಮೇಯುತ್ತಿತ್ತು, ಡೇರೆಯೊಳಗೆ ಎಲ್ಲರೂ ಬೆಚ್ಚಗೆ ಮಲಗಿದರು. ನೀವೂ ಹಾಗೇ ಬೆಚ್ಚಗಿರಿ.