ಟೋಕಿಯೋಗೆ ಹೋದ ದನಿ

ಕೋಟೆ ಬೀದಿಯ ಜಗದಾಂಬಾ ಅವರ ಮನೆಗೆ ಸಮತಾ ಬಂದಾಗ ತಿಂಡಿಯ ತಟ್ಟೆಗಳನ್ನು ಇನ್ನೂ ಎತ್ತಿರಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಆ ಹುಡುಗಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಿದ್ದಳು.

"ಮೇಡಂ, ಗ್ರಾಮಫೋನ್ ಪ್ಲೇಟು ಕಳುವಾಗಿದೆ. ಹಿರಿಯಣ್ಣನವರೇ ಕದ್ದಿದ್ದು ಅಂತಾರೆ ಅಭಯ. ಪೊಲೀಸ್ ಕರೀತಾರಂತೆ."

"ಮೊದಲು ಕೂತ್ಕೋ ಮಾರಾಯ್ತಿ."

ಜಗದಾಂಬಾ ಕಾರ್ಮಿಕ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ, ಪೊಲೀಸರವರೆಗೆ ಹೋಗಬಾರದ ಸಂಗತಿಗಳನ್ನು ಜನ ಅವರ ಬಳಿ ತರುತ್ತಿದ್ದರು. ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ತನುಜಾ ಇನ್ನೊಂದು ಲೋಟಕ್ಕೆ ಕಾಫಿ ಬಗ್ಗಿಸಿದಳು. ಗಂಡ ತೀರಿಹೋದ ಮೇಲೆ ಅವಳ ಮಾತು ಕಡಿಮೆಯಾಗಿತ್ತು. ಸುಮ್ಮನೆ ನೋಡುವವರು ಒಬ್ಬರು ಜೊತೆಗೆ ಬೇಕು ಎಂದು ಜಗದಾಂಬಾ ಹೋದಲ್ಲೆಲ್ಲ ಅವಳನ್ನು ಕರೆದೊಯ್ಯುತ್ತಿದ್ದರು.

ಯುದ್ಧದಲ್ಲಿ ಸೋತ ಜಪಾನಿನ ಮೊದಲ ವರ್ಷಗಳ ಬಗ್ಗೆ ಸಮತಾ ಒಂದು ಪ್ರದರ್ಶನ ಇಟ್ಟಿದ್ದಳು. ಪರದೇಶದ ಸೈನ್ಯದ ಆಳ್ವಿಕೆ, ಪಡಿತರದ ಸಾಲು, ಅಕ್ಕಿಗಾಗಿ ಮಾರಿದ ಮದುವೆಯ ಬಟ್ಟೆ, ಕೊನೆಗೆ ಭಾರತ ಬೇರೆ ದೇಶಗಳ ಜೊತೆ ಸಹಿ ಹಾಕದೆ ತಾನೇ ಪ್ರತ್ಯೇಕವಾಗಿ ಮಾಡಿಕೊಂಡ ಶಾಂತಿ ಒಪ್ಪಂದ, ಎಲ್ಲವೂ ಅಲ್ಲಿತ್ತು. ಆದರೆ ಜನ ನಿಲ್ಲುತ್ತಿದ್ದದ್ದು ಒಂದು ಗಾಜಿನ ಪೆಟ್ಟಿಗೆಯ ಮುಂದೆ.

ಟೋಕಿಯೋದ ಮಕ್ಕಳು ಬೇಡಿದ್ದಕ್ಕೆ ನಮ್ಮ ಕಾಡಿನಿಂದ ಹೋದ ಆನೆಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ತಿಳಿಯದು. ಅಲ್ಲಿಯವರಿಗೆ ಕಲಿಸಲೆಂದು ಜೊತೆಗೆ ಹೋದ ಮಾವುತ ಹಾಲಪ್ಪನ ಮಾತುಗಳನ್ನು ಒಂದು ಪ್ಲೇಟಿಗೆ ಹಿಡಿದಿದ್ದರು; ಪೆಟ್ಟಿಗೆಯಲ್ಲಿದ್ದದ್ದು ಅದೇ. ಹಾಲಪ್ಪ ಊರಿಗೆ ಮರಳಿದ ವರ್ಷವೇ ಜ್ವರದಲ್ಲಿ ಹೋದ. ಆಗ ಕೈಗೂಸಾಗಿದ್ದ ಮಗ ಹಿರಿಯಣ್ಣ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ಮುದುಕನಾದ. ಅಂಥ ಪ್ಲೇಟೊಂದಿದೆ ಎಂದು ಅವನಿಗೆ ಗೊತ್ತಾದದ್ದೇ ಈ ಪ್ರದರ್ಶನದಿಂದ.

"ಇವತ್ತು ಸಂಜೆ ಅದನ್ನ ಹಾಕಿ ಕೇಳಿಸ್ತೀನಿ ಅಂತ ನಿನ್ನೆ ಅವರಿಗೆ ಮಾತು ಕೊಟ್ಟಿದ್ದೆ," ಎಂದಳು ಸಮತಾ. "ಬೆಳಿಗ್ಗೆ ಮೊದಲ ಬಸ್ಸಿಗೇ ಬಂದ್ರು. ಒಂದ್ಸಲ ಮುಟ್ಟಿ ನೋಡ್ತೀನಿ ಅಂದ್ರು. ಕವರ್ ಸಮೇತ ಕೈಗೆ ಕೊಟ್ಟು ಫೋನಿಗೆ ಹೋದೆ. ಆಮೇಲೆ ಅಭಯ ಬಂದು ನೋಡಿದ್ರೆ ಕವರಿನೊಳಗೆ ಬೇರೆ ಪ್ಲೇಟು."

"ಪೆಟ್ಟಿಗೆಯ ಬೀಗದ ಕೈ?"

"ನನ್ನ ಹತ್ರ ಒಂದು, ಅಭಯರ ಹತ್ರ ಒಂದು. ಪ್ಲೇಟು ಅವರದೇ ಅಲ್ವಾ, ಪ್ರದರ್ಶನಕ್ಕೆ ಅಂತ ಕೊಟ್ಟಿದ್ರು."

ಪ್ರದರ್ಶನದ ಹಾಲ್‌ನಲ್ಲಿ ಹಿರಿಯಣ್ಣ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಬಾಯಲ್ಲಿ ಎಲೆ ಅಡಿಕೆ, ಬೆರಳ ತುದಿಯಲ್ಲಿ ಸುಣ್ಣ. ಎದುರಿಗೆ ಮಾಚೇನಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಅಭಯ ಗ್ರಾಮಫೋನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

"ಅದನ್ನ ಕೆಳಗಿಟ್ಟು ಕಾಫಿ ತಗೊಳ್ಳಿ," ಎಂದರು ಜಗದಾಂಬಾ.

"ಬೇಡ ಮೇಡಂ. ಒಂದು ಹೋಗಿದ್ದೇ ಸಾಕು."

"ಪ್ಲೇಟು ಚೆನ್ನಾಗಿ ಹಾಡ್ತಿತ್ತಾ?"

"ಮದುವೆ, ಗೃಹಪ್ರವೇಶ, ಎಲ್ಲಾ ಕಡೆ ಹಾಕಿದೀನಿ. 'ಬಾ, ಕೂತ್ಕೋ, ಕಾಲೆತ್ತು' ಅಂತ ಆನೆಗೆ ಹೇಳೋದು. ಅದು ಮುಗಿದ ತಕ್ಷಣ ಮುಳ್ಳು ಎತ್ತಿಬಿಡೋದು. ಜನ ಬಿದ್ದು ಬಿದ್ದು ನಗ್ತಾರೆ."

"ಪ್ರತಿ ಸಲ ಹೊಸ ಮುಳ್ಳು ಹಾಕ್ಬೇಕಂತಲ್ಲ?"

"ಅದೆಲ್ಲ ಮುಳ್ಳು ಮಾರೋರ ಮಾತು. ನಂದು ಒಂದೇ ಮುಳ್ಳು ಎರಡು ವರ್ಷದಿಂದ ಓಡ್ತಿದೆ."

ಜಗದಾಂಬಾ ಬದಲಿ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ತನುಜಾಳತ್ತ ಚಾಚಿದರು. "ಏನು ಕಾಣ್ತದೆ?"

"ಏನೂ ಇಲ್ಲ. ಕವರಿನ ಮೇಲೆ ಮಾತ್ರ ಸುಣ್ಣದ ಗುರುತಿದೆ."

ಸಂಜೆ ಐವರೂ ಗಾಜಿನ ಪೆಟ್ಟಿಗೆಯ ಸುತ್ತ ಕೂತರು. ಹಿರಿಯಣ್ಣ ಯಾರ ಮುಖವನ್ನೂ ನೋಡಲಿಲ್ಲ. "ಕಳ್ಳ ಅಂದ್ರೆ ಅನ್ನಲಿ," ಎಂದ. "ಅಪ್ಪನ ದನಿ ಎಲ್ಲಿ ಹೋಯ್ತು ಅಂತ ಹೇಳಿ, ಸಾಕು."

"ಕವರು ಮುಟ್ಟಿದ್ದು ಹಿರಿಯಣ್ಣನೇ," ಎಂದು ಜಗದಾಂಬಾ ಶುರು ಮಾಡಿದರು. "ಕಾಗದದ ಮೇಲೆ ಸುಣ್ಣ ಇದೆ. ಪ್ಲೇಟು ಅದಲುಬದಲು ಮಾಡಿದ್ರೆ ಆ ಕರಿ ಮೈಮೇಲೂ ಸುಣ್ಣ ಇರಬೇಕಿತ್ತು. ಇಲ್ಲ. ಒಂದು ಬೆರಳಿನ ಗುರುತೂ ಇಲ್ಲ. ಅಂಚಲ್ಲೇ ಹಿಡಿದು ಅಭ್ಯಾಸ ಇರೋ ಕೈ ಅದು."

ಅಭಯ ನಕ್ಕ. "ಅಷ್ಟಕ್ಕೇನಾ?"

"ಇನ್ನೂ ಇದೆ. ಸಂಜೆ ಪುಕ್ಕಟೆ ಕೇಳೋಕೆ ಸಿಗೋದನ್ನ ಬೆಳಿಗ್ಗೆ ಯಾಕ್ರೀ ಕದೀತಾರೆ? ಕೇಳೋ ಆಸೆ ಇದ್ದೋರಲ್ಲ, ಕೇಳಿಸೋಕೆ ಹೆದರಿದೋರು ಕದ್ದಿದ್ದು. ನಿನ್ನೆವರೆಗೂ ಪ್ಲೇಟು ಗಾಜಿನ ಪೆಟ್ಟಿಗೇಲಿ ಭದ್ರವಾಗಿತ್ತು. ಹಾಕ್ತೀವಿ ಅಂದ ಮಾರನೇ ದಿನವೇ ಮಾಯ. ಇನ್ನೊಂದು ಬೀಗದ ಕೈ ನಿಮ್ಮ ಹತ್ರ; ಹಿರಿಯಣ್ಣ ಬರೋಕೆ ಮುಂಚೆಯೇ ಬದಲಾಯಿಸಿದ್ದೀರಿ. ಅದು ಕಾರ್ಖಾನೇದಲ್ಲ, ಅಲ್ಲೇ ಕೊರೆದ ಮೆತ್ತನೆ ಪ್ಲೇಟು, ಬೇಗ ಸವೀತದೆ. ಸವೆದ ಮುಳ್ಳಿಂದ ಊರೂರಲ್ಲಿ ಕೆರೆದಿದ್ದೀರಿ. ಅದರಲ್ಲಿ ದನಿ ಉಳಿದಿಲ್ಲ, ಅಲ್ವಾ? ಪ್ಲೇಟೇ ಇಲ್ಲದ ಮೇಲೆ ಆ ಗ್ರಾಮಫೋನ್ ಪೆಟ್ಟಿಗೆ ಯಾಕೆ ಹಾಗೆ ತಬ್ಬಿಕೊಂಡಿದ್ದೀರಿ?"

ಅಭಯ ಪೆಟ್ಟಿಗೆಯ ಮುಚ್ಚಳ ತೆಗೆದು, ಅದರ ಒಳಗಿನ ಅರೆಯಿಂದ ಪ್ಲೇಟನ್ನು ಎಳೆದ.

"ಬರೀ ಕರಕರ ಅನ್ನೋದನ್ನ ಇವರ ಮುಂದೆ ಹೆಂಗೆ ಹಾಕಲಿ?" ಎಂದ. "ಕಳುವಾಯ್ತು ಅಂದ್ರೆ ಎಲ್ಲೋ ಒಂದು ಕಡೆ ಇದೆ ಅಂತಾದ್ರೂ ಇರ್ತಾರೆ ಅಂದ್ಕೊಂಡೆ."

"ಅದಕ್ಕೆ ಅವರನ್ನೇ ಕಳ್ಳ ಮಾಡಿದ್ರಾ?" ಎಂದಳು ಸಮತಾ.

ಗಂಡನೂ ಎಲ್ಲೋ ಒಂದು ಕಡೆ ಇದ್ದಾನೆ ಎಂದೇ ತನುಜಾ ಅಂದುಕೊಂಡಿದ್ದಳು. ಅಂಥ ನಂಬಿಕೆಯಲ್ಲಿ ಎಷ್ಟು ದಿನ ಬದುಕಬಹುದೆಂದು ಅವಳು ಲೆಕ್ಕ ಇಡುವುದನ್ನು ಬಿಟ್ಟಿದ್ದಳು.

"ಹಾಕಿ," ಎಂದ ಹಿರಿಯಣ್ಣ. "ಕರಕರಾನೇ ಕೇಳ್ತೀನಿ."

ಪ್ಲೇಟು ತಿರುಗಿತು. ಮರಳು ಜರಡಿ ಹಿಡಿದಂಥ ಸದ್ದು. ಆನೆಗೆ ಹೇಳಿದ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ. ಅಭಯ ಅಭ್ಯಾಸದಂತೆ ಮುಳ್ಳು ಎತ್ತಲು ಕೈ ಚಾಚಿದ. ತನುಜಾ ಆ ಕೈಯನ್ನು ಹಿಡಿದಳು.

"ಅಲ್ಲಿಂದಾಚೆ ನೀವು ಯಾವತ್ತೂ ಹಾಕಿಲ್ಲ," ಎಂದಳು.

ಮುಳ್ಳು ಒಳಸುತ್ತಿಗೆ ಇಳಿಯಿತು. ಸದ್ದು ತಟ್ಟನೆ ತಿಳಿಯಾಯಿತು. ಪ್ಲೇಟಿನೊಳಗೆ ಯಾರೋ ಕೆಮ್ಮಿದರು. ಮೀಸೆ ಆಗತಾನೆ ಬಂದಂಥ ಎಳೆಯ ದನಿಯೊಂದು ಪಕ್ಕದವರನ್ನು ಕೇಳಿತು:

"ಇಷ್ಟು ಸಾಕಾ ಸ್ವಾಮಿ? ಊರಿಗೆ ಯಾವಾಗ ಕಳಿಸ್ತೀರಿ?"

ಪ್ಲೇಟು ನಿಂತಿತು. ಹಿರಿಯಣ್ಣ ಬಿಳಿಯ ಗಡ್ಡವನ್ನು ಅಂಗೈಯಿಂದ ಒರೆಸಿಕೊಂಡು ತನುಜಾಳ ಕಡೆ ತಿರುಗಿದ.

"ನೋಡವ್ವ," ಎಂದ ಮೆಲ್ಲಗೆ, "ಇನ್ನೂ ಹುಡುಗ ನಮ್ಮಪ್ಪ."